ಮೂರೂವರೆ ಕಿವಿಯ ಚೀನಿ ಭರಣಿ

ಬೆಂಗಳೂರಿನ ಬಾಗಲಗುಂಟೆಯಲ್ಲಿ ಭಾನುವಾರದ ಬೆಳಗಿಗೆ ಒಂದು ಕ್ರಮ ಇದೆ. ಹೆಸರಘಟ್ಟ ರಸ್ತೆಯ ಹಾರ್ನುಗಳ ಗಲಾಟೆ ತುಸು ತಣ್ಣಗಿರುತ್ತದೆ. ಮೊದಲು ಸೊಪ್ಪಿನವಳು, ಅವಳ ಹಿಂದೆ ಹೂವಿನವನು, ಆಮೇಲೆ ಗಾಡಿಗೆ ಮೈಕು ಕಟ್ಟಿಕೊಂಡ ಗುಜರಿಯವನು. ಮೊನ್ನೆ ಅವನನ್ನು ಮೇಲಕ್ಕೆ ಕರೆದೆ. ಕೆಟ್ಟ ಮಿಕ್ಸಿ, ಸೀಳಿದ ಬಕೆಟ್ಟು, ಆರು ತಿಂಗಳ ಪೇಪರು ಎಲ್ಲ ತೂಗಿಸಿದ್ದಾಯಿತು. ಹೊರಡುವಾಗ ಅವನ ಕಣ್ಣು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಕೂತಿದ್ದ ಭರಣಿಯ ಮೇಲೆ ಬಿತ್ತು.

"ಇದಕ್ಕೆಷ್ಟು ಕೊಡ್ತೀಯಪ್ಪ?" ಅಂದೆ, ತಮಾಷೆಗೆ.

"ಪಿಂಗಾಣಿ ತಗೊಳ್ಳಲ್ಲ ಅಕ್ಕ. ಅದು ಕರಗಲ್ಲ, ಕೊಳೆಯಲ್ಲ, ಏನೂ ಆಗಲ್ಲ. ಒಡೆದ್ರೆ ಕಸದ ಗಾಡಿಯೋರೂ ಗೊಣಗ್ತಾರೆ."

ಒಳಗಿದ್ದ ಅಮ್ಮನಿಗೆ ಕೇಳಿಸಿತು. ಸಂಜೆಯವರೆಗೂ ನನ್ನ ಹತ್ತಿರ ಮಾತಿಲ್ಲ. ಸಿಟ್ಟು ಗುಜರಿಯವನ ಮೇಲಲ್ಲ, ಬೆಲೆ ಕೇಳಿದ ನನ್ನ ಮೇಲೆ. ನನಗೋ, ಅವನು ಹೇಳಿದ ಮಾತೇ ತಲೆಯಲ್ಲಿ ಕೂತಿತ್ತು. ಕರಗಲ್ಲ, ಕೊಳೆಯಲ್ಲ, ಏನೂ ಆಗಲ್ಲ. ಆ ಭರಣಿಯ ಬಗ್ಗೆ ಇದಕ್ಕಿಂತ ಸರಿಯಾದ ವರ್ಣನೆಯನ್ನು ನಮ್ಮ ಮನೆಯಲ್ಲಿ ಯಾರೂ ಮಾಡಿರಲಿಲ್ಲ.

ಎತ್ತರ ಒಂದೂವರೆ ಅಡಿ. ಭುಜ ಅಗಲ, ತಳ ಕಿರಿದು. ಬಣ್ಣ ಸುಟ್ಟ ಬೆಲ್ಲದ್ದು. ಮೇಲಿನಿಂದ ಇಳಿದು ಬಂದ ಹೊಳಪು ತಳಕ್ಕೆ ನಾಲ್ಕು ಬೆರಳಿರುವಾಗಲೇ ಅಲ್ಲಲ್ಲಿ ನಿಂತುಬಿಟ್ಟಿದೆ, ಜೋನಿಬೆಲ್ಲ ಸುರಿಯುತ್ತಾ ಸುರಿಯುತ್ತಾ ಸಾಲದೆ ಹೋದ ಹಾಗೆ. ಅದರ ಕೆಳಗೆ ಬರೀ ಮಣ್ಣು, ಒರಟು. ಒಳಗೆ ಕೈ ಇಳಿಬಿಟ್ಟು ಸವರಿದರೆ ತಿಗರಿ ತಿರುಗಿಸಿದವನ ಬೆರಳ ಗೆರೆಗಳು ಸುತ್ತುಸುತ್ತಾಗಿ ಸಿಗುತ್ತವೆ. ಭುಜದ ಮೇಲೆ ನಾಲ್ಕು ಕಿವಿ, ಬಾಯಿಗೆ ಬಟ್ಟೆ ಮುಚ್ಚಿ ಹುರಿ ಬಿಗಿಯುವುದಕ್ಕೆ. ಅದರಲ್ಲಿ ಒಂದು ಕಿವಿ ಅರ್ಧ ಮುರಿದಿದೆ. ಹೀಗಾಗಿ ಮೂರೂವರೆ.

ಅಮ್ಮಮ್ಮ ಇದನ್ನು 'ಚೀನಿ ಭರಣಿ' ಅನ್ನುತ್ತಿದ್ದಳು. ಅಮ್ಮನೂ ಹಾಗೇ ಅನ್ನುತ್ತಾಳೆ. ಪಕ್ಕದ ಮನೆಯ ತುಮಕೂರಿನವರಿಗೆ ಇದು 'ಜಾಡಿ'. ಮಲೆನಾಡಿನ ನಮ್ಮ ಕಡೆ ಕೈಗೆ ಸಿಕ್ಕಿದ್ದಕ್ಕೆಲ್ಲ ಚೀನಿ ಅಂತ ಅಂಟಿಸುವ ಚಾಳಿ ಹಳೆಯದು. ಸಿಹಿಗುಂಬಳಕ್ಕೆ ನಾವು 'ಚೀನಿಕಾಯಿ' ಅನ್ನುತ್ತೇವೆ. ಅದಕ್ಕೂ ಚೀನಾಕ್ಕೂ ಸಂಬಂಧವೇ ಇಲ್ಲ. ಅದರ ತವರು ಅಮೆರಿಕ ಖಂಡ, ಪೋರ್ಚುಗೀಸರ ಕಾಲದ ಹಡಗು ಹತ್ತಿ ಬಂದದ್ದು. ಸಮುದ್ರದ ಕಡೆಯಿಂದ ಬಂದ ಚೆಂದದ ವಸ್ತು ಚೀನಾದ್ದೇ ಇರಬೇಕೆಂದು ನಮ್ಮ ಹಿರಿಯರು ನಂಬಿದ್ದರು ಅಂತ ಕಾಣುತ್ತದೆ. ಪಿಂಗಾಣಿ ಎಂಬ ಮಾತು ಪರ್ಷಿಯಾದಿಂದ ಬಂತು. ಅಲ್ಲಿ ಪಿಂಗಾನ್, ಅರಬ್ಬಿಯಲ್ಲಿ ಫಿಂಜಾನ್, ಅಂದರೆ ಬಟ್ಟಲು. ಹುಬ್ಬಳ್ಳಿಯವರ 'ಚಹಾ', ಬೆಂಗಳೂರಿನವರ 'ಟೀ' ಎರಡೂ ಚೀನೀ ಮಾತುಗಳೇ. ಮೊದಲನೆಯದು ಅಲ್ಲಿ ಹೆಚ್ಚಿನ ಕಡೆ ಬಳಸುವ 'ಚಾ', ಎರಡನೆಯದು ಫುಜಿಯಾನ್ ಕರಾವಳಿಯ 'ತೆ'. ವಸ್ತು ಒಂದು ದಾರಿಯಲ್ಲಿ ಬಂದರೆ ಹೆಸರು ಇನ್ನೊಂದು ದಾರಿಯಲ್ಲಿ ಬರುತ್ತದೆ.

ಹಾಗಾದರೆ ಈ ಭರಣಿ ನಿಜವಾಗಿ ಚೀನಾದ್ದೋ, ಚೀನಿಕಾಯಿಯ ಹಾಗೆ ಬರೀ ಹೆಸರಿಗೋ?

ನಮ್ಮ ಮನೆಯಲ್ಲಿ ಚೀನಿ ಭರಣಿ ಅನ್ನಿಸಿಕೊಳ್ಳುವ ಇನ್ನೊಂದು ಇದೆ. ಮೇಲರ್ಧ ಕಂದು, ಕೆಳಗರ್ಧ ಹಾಲುಬಿಳುಪು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇರುವಂಥದ್ದು. ಆ ರೂಪ ಇಂಗ್ಲೆಂಡಿನ ಕಾರ್ಖಾನೆಗಳದ್ದು. ಇಲ್ಲಿ ಅದನ್ನು ಮಾಡಿದವರು ತಮಿಳುನಾಡಿನ ರಾಣಿಪೇಟೆ, ಉತ್ತರಪ್ರದೇಶದ ಖುರ್ಜಾ ಮುಂತಾದ ಕಡೆಯವರು. ಅದು ಚೀನಿಕಾಯಿಯ ಜಾತಿ. ನಿಮ್ಮ ಮನೆಯಲ್ಲಿರುವುದೂ ಅದೇ ಆಗಿದ್ದರೆ ಬೇಸರ ಬೇಡ, ಉಪ್ಪಿನಕಾಯಿಗೆ ಅದೂ ಒಳ್ಳೆಯದೇ.

ಕಿವಿ ಇರುವ ಕಂದು ಭರಣಿಯ ಕತೆ ಬೇರೆ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಸೀಮೆಯ ಭಟ್ಟಿಗಳಲ್ಲಿ ಇಂಥವು ಲೆಕ್ಕವಿಲ್ಲದಷ್ಟು ಬೆಂದು ಹಡಗು ಹತ್ತಿದವು. ಬರ್ಮಾದ ಮರ್ತಬಾನ್ ಬಂದರಿನ ಮೂಲಕ ಹಿಂದೂ ಮಹಾಸಾಗರಕ್ಕೆಲ್ಲ ಹರಡಿದ್ದರಿಂದ ಅದೇ ಹೆಸರು ನಿಂತಿತು. ಹಿಂದಿ, ಉರ್ದುವಿನಲ್ಲಿ ಇಂದಿಗೂ ಜಾಡಿಗೆ ಮರ್ತಬಾನ್ ಅನ್ನುತ್ತಾರೆ. ಬರ್ಮಾದವರೂ ಆ ಮೇಲೆ ಇದೇ ಮಾದರಿಯಲ್ಲಿ ಮಾಡಿದರು. ಆಕಾರ ಎಷ್ಟೋ ನೂರು ವರ್ಷ ಬದಲಾಗಲೇ ಇಲ್ಲ, ಹಾಗಾಗಿ ಬರೀ ಕಣ್ಣಳತೆಯಲ್ಲಿ ವಯಸ್ಸು ಕಟ್ಟುವವರನ್ನು ನಂಬಬೇಡಿ. ಹಳೇ ಸಾಮಾನು ಕೊಳ್ಳುವವರೊಬ್ಬರು ನಮ್ಮನೆಗೆ ಬಂದು ಮೂರು ನಿಮಿಷದಲ್ಲಿ "ಮಿಂಗ್ ರಾಜರ ಕಾಲದ್ದು" ಅಂದರು. ಅಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದಳು.

ಒಂದು ವಿಚಾರ ತಿಳಿದಾಗ ನನಗೆ ನಗು ಬಂತು. ಈ ಭರಣಿಗಳು ಹೆಚ್ಚಾಗಿ ಮಾರಾಟದ ಸರಕೇ ಆಗಿರಲಿಲ್ಲ. ನೀರು, ಎಣ್ಣೆ, ಸಾರಾಯಿ, ಉಪ್ಪುಹಾಕಿದ ಪದಾರ್ಥ ತುಂಬುವ ಡಬ್ಬಗಳು ಅಷ್ಟೇ. ಇಂಡೊನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ತಿರ 1998ರಲ್ಲಿ ಒಂಬತ್ತನೇ ಶತಮಾನದ ಒಂದು ಅರಬ್ ಹಡಗು ಸಿಕ್ಕಿತು. ಅದರಲ್ಲಿ ಸುಮಾರು 60,000 ಚೀನೀ ಪಾತ್ರೆಗಳು. ಬಟ್ಟಲುಗಳನ್ನು ದೊಡ್ಡ ಭರಣಿಗಳೊಳಗೆ ಸುರುಳಿ ಸುತ್ತಿ ಒತ್ತೊತ್ತಾಗಿ ಜೋಡಿಸಿದ್ದರು. ಈಗ ಫ್ರಿಜ್ಜು ತಂದ ಮೇಲೆ ಥರ್ಮಾಕೋಲು ಉಳಿಯುತ್ತದಲ್ಲ, ಹಾಗೆ. ನಮ್ಮ ಮನೆತನ ನಾಲ್ಕು ತಲೆಮಾರು ಜೋಪಾನ ಮಾಡಿಕೊಂಡು ಬಂದದ್ದು ಯಾವುದೋ ಹಡಗಿನವರು ಖಾಲಿಯಾಯಿತೆಂದು ಕೊಟ್ಟುಹೋದ ಡಬ್ಬ ಇರಬಹುದು. ಅಮ್ಮನಿಗೆ ಇದನ್ನು ಹೇಳಿದೆ. "ಇರಲಿ, ಹಾಲ್ಕೋವ ತಿಂದ ಡಬ್ಬದಲ್ಲೇ ಅಲ್ವಾ ನಾನು ಸಾಸಿವೆ ಇಟ್ಟಿರೋದು?" ಅಂದಳು.

ಚೀನಾದ ಸರಕು ಕನ್ನಡನಾಡಿಗೆ ಬಂದ ಗುರುತುಗಳು ಬೇಕಾದಷ್ಟಿವೆ. ನಮ್ಮ ಬಡಾವಣೆಯ ಪಕ್ಕದ ತುಮಕೂರು ರಸ್ತೆ ಹಿಡಿದು ಸುಮ್ಮನೆ ಹೋದರೆ ಚಿತ್ರದುರ್ಗ. ಅಲ್ಲಿನ ಚಂದ್ರವಳ್ಳಿಯಲ್ಲಿ 1909ರ ಹೊತ್ತಿಗೆ ಆರ್. ನರಸಿಂಹಾಚಾರ್ಯರು ಅಗೆದಾಗ ಶಾತವಾಹನರ ಸೀಸದ ನಾಣ್ಯ, ರೋಮಿನ ಬೆಳ್ಳಿ ನಾಣ್ಯಗಳ ಜೊತೆಗೆ ಒಂದು ಚೀನೀ ನಾಣ್ಯವೂ ಸಿಕ್ಕಿತು. ಅಂದಿನ ವರದಿ ಅದನ್ನು ಕ್ರಿ.ಪೂ. 138ರದ್ದು ಅಂದಿತು, ಆ ಕಾಲನಿರ್ಣಯವನ್ನು ಆಮೇಲಿನವರು ಒಪ್ಪದೆ ಚರ್ಚಿಸಿದ್ದಾರೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಅರಸನ ಉಡುಪಿನ ಪಟ್ಟಿಯಲ್ಲಿ ಮಹಾಚೀನದ ಬಟ್ಟೆಯನ್ನೂ ಹೇಳುತ್ತದೆ. ಹಂಪಿಯ ಸಿರಿವಂತರ ಮನೆಗಳಿದ್ದ ಜಾಗ ಅಗೆದಾಗ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಆದಿಲ್‌ಶಾಹಿ ಕಾಲದ ಚೀನೀ ತಟ್ಟೆ ಬಟ್ಟಲುಗಳಿವೆ. ವಿಷ ಬಡಿಸಿದರೆ ಒಡೆದು ಎಚ್ಚರಿಸುವ ತಟ್ಟೆಗಳಿವೆ ಎಂದು ದಖ್ಖನಿನ ಸುಲ್ತಾನರು ನಂಬಿದ್ದರು. ಪಾಪ, ಅವರವರ ಭಯ.

ಇವೆಲ್ಲ ಅರಮನೆ ಮಾತಾಯಿತು. ನನಗೆ ಬೇಕಾದದ್ದು ಉಪ್ಪಿನಕಾಯಿ. ಅದನ್ನು ಬರೆದಿಟ್ಟವನು ಇಬ್ನ್ ಬತೂತ. ಮೊರಾಕ್ಕೊದ ಈ ತಿರುಗಾಡಿ 1340ರ ದಶಕದಲ್ಲಿ ಹೊನ್ನಾವರದಲ್ಲಿ ಉಳಿದಿದ್ದ. ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವೆಂದು ಲೆಕ್ಕ ಕೊಟ್ಟವನು ಇವನೇ. ಅಲ್ಲಿನ ಸುಲ್ತಾನನ ಮನೆಯ ಊಟವನ್ನೂ ಬಿಡದೆ ಬರೆದಿದ್ದಾನೆ. ಅನ್ನ, ಮೇಲೆ ತುಪ್ಪ, ಬದಿಗೆ ಉಪ್ಪಿನಲ್ಲಿಟ್ಟ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು, ಕೊನೆಗೆ ಮೊಸರು. ಏಳುನೂರು ವರ್ಷದ ಹಿಂದಿನ ಎಲೆ. ಇವತ್ತು ನಮ್ಮ ಕಡೆ ಮದುವೆಮನೆಯಲ್ಲಿ ಕೂತರೂ ಎಲೆಯ ತುದಿಯಲ್ಲಿ ಬೀಳುವುದು ಅದೇ. ಮುಂದೆ ಪೂರ್ವದ ಸಮುದ್ರದಲ್ಲಿ ಹೋಗುವಾಗ ಒಬ್ಬ ರಾಜಕುಮಾರಿ ಅವನಿಗೆ ಪ್ರಯಾಣಕ್ಕೆಂದು ನಾಲ್ಕು ಮರ್ತಬಾನ್ ಕೊಟ್ಟಳಂತೆ. ಅದರೊಳಗೆ ಉಪ್ಪುಹಾಕಿದ ಶುಂಠಿ, ಮೆಣಸು, ನಿಂಬೆ, ಮಾವು. ಭರಣಿಗೂ ಮಾವಿನಕಾಯಿಗೂ ಆದ ಸಂಬಂಧಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ನಾನು ನೋಡಿಲ್ಲ.

ಅದೇ ಇಬ್ನ್ ಬತೂತ ಕಲ್ಲಿಕೋಟೆಯ ಬಂದರಿನಲ್ಲಿ 13 ಚೀನೀ ಹಡಗುಗಳನ್ನು ಕಂಡ. ಅರುವತ್ತು ವರ್ಷದ ಮೇಲೆ ಜಂಗ್ ಹ ಎಂಬ ಚೀನೀ ನೌಕಾಪತಿಯ ದೊಡ್ಡ ಹಡಗು ಸಮೂಹವೂ ಅಲ್ಲಿಗೇ ಬಂತು. ಅವನ ಮೂರು ಯಾನಗಳಲ್ಲಿ ಜೊತೆಗಿದ್ದ ಮಾ ಹುವಾನ್ ಕಲ್ಲಿಕೋಟೆಯ ವ್ಯಾಪಾರ ಬರೆದಿದ್ದಾನೆ. ರೇಷ್ಮೆಗೂ ಪಿಂಗಾಣಿಗೂ ಒಂದೊಂದಾಗಿ ದರ ಕಟ್ಟಿ, ಕಡೆಗೆ ಎಲ್ಲರೂ ಕೈ ಕೈ ಹಿಡಿದು ಮಾತು ಮುಗಿಸುತ್ತಿದ್ದರು. ಆಮೇಲೆ ಸೋವಿಯಾಗಲಿ ತುಟ್ಟಿಯಾಗಲಿ ಯಾರೂ ಹಿಂದೆ ಸರಿಯುವಂತಿಲ್ಲ. ನಮ್ಮ ಉತ್ತರ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡಬಳ್ಳಾಪುರದಾಚೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಎತ್ತಿನ ದರ ಮುಗಿಸುವುದನ್ನು ನೋಡಿದವರಿಗೆ ಮಾ ಹುವಾನ್ ನೆಂಟನಾಗಿಯೇ ಕಾಣುತ್ತಾನೆ.

ನಮ್ಮ ಭರಣಿ ಗೇರುಸೊಪ್ಪೆ ಕಡೆಯಿಂದ ಬಂದದ್ದು ಎಂಬುದು ಅಮ್ಮಮ್ಮನ ಮಾತು. ಅವಳ ಅತ್ತೆಯ ಅತ್ತೆ ಅಲ್ಲಿಂದ ಮದುವೆಯಾಗಿ ಘಟ್ಟ ಹತ್ತಿ ಬಂದವಳು. ನಕ್ಷೆ ಬಿಡಿಸಿದರೆ ಈ ಮಾತಿಗೆ ಬೆಲೆ ಇದೆ ಅನ್ನಿಸುತ್ತದೆ. ಹೊನ್ನಾವರ ಇರುವುದು ಶರಾವತಿ ಸಮುದ್ರ ಸೇರುವಲ್ಲಿ. ಅಲ್ಲಿಂದ ದೋಣಿಗಳು ಹೊಳೆಯಲ್ಲೇ ಗೇರುಸೊಪ್ಪೆಯವರೆಗೆ ಬರುತ್ತಿದ್ದವು, ಆಮೇಲೆ ಘಟ್ಟದ ಹಾದಿ. ಕಾಳುಮೆಣಸು ಇಳಿದದ್ದು ಇದೇ ದಾರಿಯಲ್ಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಮೆಣಸು ಇಳಿದ ದಾರಿಯಲ್ಲಿ ಖಾಲಿ ಕೈಯಲ್ಲಿ ಯಾರು ಹತ್ತುತ್ತಾರೆ? ನಮ್ಮ ಭರಣಿ ಶರಾವತಿಯ ನೀರಿನ ಮೇಲೆ ಬಂತು ಎಂದೇ ನಾನು ನಂಬಿದ್ದೇನೆ.

ಅದನ್ನು ಹೊರಡಿಸಿದ್ದೂ ಶರಾವತಿಯೇ. ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರೂರೇ ನೀರೊಳಗೆ ಹೋದವು. ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿಲ್ಲ, 'ಮುಳುಗಡೆ' ಅಂದರೆ ಸಾಕು. ಮುಳುಗಡೆಗೆ ಮುಂಚೆ, ಮುಳುಗಡೆ ಆದಮೇಲೆ ಎಂದೇ ನಮ್ಮವರು ವರ್ಷ ಲೆಕ್ಕ ಹಾಕುವುದು. 1964ರ ಮಳೆಗಾಲಕ್ಕೆ ಮುಂಚೆ ಲಾರಿ ಬಂದಾಗ ಅಮ್ಮನಿಗೆ ಹದಿನಾರು. ಬಾಗಿಲು, ಕಂಬ, ತೊಲೆ ಬಿಚ್ಚಿ ಹೇರಿದರು. ದೊಡ್ಡಪ್ಪ ಭರಣಿ ಬಿಟ್ಟುಬಿಡೋಣ ಅಂದನಂತೆ. ಚೀನಾದ ಜೊತೆ ಯುದ್ಧ ನಡೆದು ಎರಡು ವರ್ಷವೂ ತುಂಬಿರಲಿಲ್ಲ. "ಶತ್ರು ದೇಶದ್ದನ್ನ ಹೊತ್ಕಂಡು ತಿರುಗೋದೇನು?" ಅಂತ ಅವನ ವಾದ. ಅಮ್ಮಮ್ಮ ಹೇಳಿದ್ದು ಒಂದೇ ಮಾತು: "ಹಂಗಾರೆ ಚೀನಿಕಾಯಿ ಹುಳಿನೂ ನಾಳೆಯಿಂದ ಬಿಡು."

ಮನೆಯೊಳಗೆ ಇದು ನಗುವ ಮಾತಾಯಿತು. ಅದೇ ಹೊತ್ತಿನಲ್ಲಿ ಅಸ್ಸಾಂ, ಬಂಗಾಳದ ಕಡೆ ತಲೆಮಾರುಗಳಿಂದ ಬದುಕಿದ್ದ ಸುಮಾರು ಮೂರು ಸಾವಿರ ಚೀನೀ ಮೂಲದ ಜನರನ್ನು ಹಿಡಿದು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದ್ದರು. ಅವರ ಮನೆಗಳಲ್ಲಿ ಇಂಥ ಭರಣಿಗಳು ಎಷ್ಟಿದ್ದವೋ, ಬಿಟ್ಟು ಬಂದ ಮನೆಯಲ್ಲಿ ಏನಾದವೋ.

ಕಿವಿ ಮುರಿದದ್ದು ಆ ಲಾರಿಯಲ್ಲಿ. ಭತ್ತದ ಹುಲ್ಲಿನಲ್ಲಿ ಹೂತು ಹಗ್ಗವನ್ನು ಕಿವಿಗೇ ಕಟ್ಟಿದ್ದರು; ಘಟ್ಟದ ತಿರುವಿನಲ್ಲಿ ಜಗ್ಗಿತು. ಮುರಿದ ತುಂಡನ್ನು ಅಮ್ಮಮ್ಮ ಎಸೆಯಲಿಲ್ಲ. ಎಲೆ ಅಡಿಕೆ ಸಂಚಿಯ ಒಂದು ಮೂಲೆಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದಳು. ಅವಳು ತೀರಿಕೊಂಡ ಮೇಲೆ ಸಂಚಿ ಕೊಡವಿದಾಗ ಉದುರಿತು. ಉಗುರಿನಷ್ಟು ದೊಡ್ಡದು, ಮುರಿದ ಮಗ್ಗುಲು ಬೂದು ಬಣ್ಣ, ಕಲ್ಲಿನ ಹಾಗೆ ಗಟ್ಟಿ. ಇದನ್ನು ನಾಲಿಗೆಗೆ ತಾಗಿಸಿ ನೋಡಿ ಎಂದು ಮಡಕೆ ಬಲ್ಲವರೊಬ್ಬರು ಕಲಿಸಿಕೊಟ್ಟರು. ಸಾಮಾನ್ಯ ಮಡಕೆಯ ಚೂರಾದರೆ ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ, ಒಳಗಿನ ಸಣ್ಣ ತೂತುಗಳು ತೇವ ಹೀರುವುದರಿಂದ. ಇದು ಹಿಡಿಯಲಿಲ್ಲ. ಕುಂಬಾರರ ಆವಿಗೆಯ ಬೆಂಕಿ ಸಾಮಾನ್ಯವಾಗಿ 900 ಡಿಗ್ರಿ ದಾಟುವುದಿಲ್ಲ. ಚೀನಾದ ಇಳಿಜಾರು ಭಟ್ಟಿಗಳು 1200 ಡಿಗ್ರಿ ಮೀರಿ ಉರಿಯುತ್ತಿದ್ದವು. ಅಷ್ಟು ಕಾವಿನಲ್ಲಿ ಮಣ್ಣಿನ ಒಂದು ಭಾಗ ಗಾಜಾಗಿ ಕರಗಿ ತೂತುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಅದಕ್ಕೇ ಉಪ್ಪು, ಹುಳಿ, ಸೊನೆ ಯಾವುದೂ ಒಳಕ್ಕೆ ಇಳಿಯುವುದಿಲ್ಲ. ಹಿತ್ತಾಳೆ ಕಿಲುಬುತ್ತದೆ, ಮಡಕೆ ಒಸರುತ್ತದೆ, ಇದು ಸುಮ್ಮನಿರುತ್ತದೆ. ಅಚ್ಚಬಿಳಿ ಪಿಂಗಾಣಿಗೆ ಇನ್ನೂ ಹೆಚ್ಚು ಕಾವು ಬೇಕು. ಅದರ ಗುಟ್ಟು ಬಿಡಿಸಲು ಯುರೋಪಿಗೆ 1708ರವರೆಗೂ ಆಗಲಿಲ್ಲ.

ಮುಳುಗಡೆಯಾದ ನಮ್ಮವರನ್ನು ಶಿವಮೊಗ್ಗದ ಹತ್ತಿರ ಇಳಿಸಿದರು. ಎಪ್ಪತ್ತರ ದಶಕದಲ್ಲಿ ಅಪ್ಪನಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಸಿಕ್ಕಿತು, ಆಮೇಲೆ ಬಾಗಲಗುಂಟೆಯಲ್ಲೊಂದು ಸೈಟು. ಗುಂಟೆ, ಕುಂಟೆ ಎಂದರೆ ಸಣ್ಣ ಕೆರೆ. ನೀರಿನಿಂದ ಎದ್ದು ಬಂದವರು ನೀರಿನ ಹೆಸರಿನ ಊರಿಗೇ ಬಂದು ಟ್ಯಾಂಕರಿಗೆ ಕಾಯುತ್ತಾ ಕೂತೆವು.

ಅಪ್ಪ ದಿನಾ ಹೋಗುತ್ತಿದ್ದ ದಾರಿಯಲ್ಲಿ ಎಸ್‌ಆರ್‌ಎಸ್ ಅಂತ ಒಂದು ಜಾಗ. ಬಸ್ಸಿನವರೂ ಹಾಗೇ ಕೂಗುವುದು. ಅದು ಏನೆಂದು ನಾನು ಬಹಳ ವರ್ಷ ಕೇಳಲೇ ಇಲ್ಲ. ಶರಾವತಿ ರಿಸೀವಿಂಗ್ ಸ್ಟೇಷನ್. ಲಿಂಗನಮಕ್ಕಿಯ ನೀರು ಇಳಿದು ಹುಟ್ಟಿಸುವ ಕರೆಂಟನ್ನು ಬೆಂಗಳೂರಿಗೆ ಬರಮಾಡಿಕೊಳ್ಳಲು ಕಟ್ಟಿದ ಕೇಂದ್ರ. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಶರಾವತಿ ಯೋಜನೆಯನ್ನು ನಾಡಿಗೆ ಒಪ್ಪಿಸಿದರು. ನಮ್ಮ ಊರು ಮುಳುಗಿಸಿದ ಹೊಳೆ ತಂತಿಯ ಮೇಲೆ ನಡೆದು ಅಪ್ಪನ ಲೇತಿನವರೆಗೂ ಬಂದಿತ್ತು.

ಎಸ್‌ಆರ್‌ಎಸ್‌ನ ಬೇಲಿಯಾಚೆ ತಲೆಯೆತ್ತಿ ನೋಡಿ. ತಂತಿ ಕಂಬಕ್ಕೆ ತಾಗದ ಹಾಗೆ ಹಿಡಿದ ತಟ್ಟೆಗಳ ಮಾಲೆ, ಕಂದು ಬಣ್ಣದ್ದು. ಸುಟ್ಟ ಬೆಲ್ಲದ ಅದೇ ಬಣ್ಣ. ಅದೂ ಪಿಂಗಾಣಿ. ತೂತಿಲ್ಲದ್ದರಿಂದ ತೇವ ಒಳಗಿಳಿಯದು, ತೇವ ಇಳಿಯದ್ದರಿಂದ ಕರೆಂಟು ಹಾಯದು. ಉಪ್ಪಿನಕಾಯಿ ಕೆಡದಿರಲು ಇರುವ ಕಾರಣವೇ ಇಲ್ಲಿ ಲೈನು ಕೆಡದಿರಲೂ ಕಾರಣ. ಈ ವಿದ್ಯೆ ಬೆಂಗಳೂರಿಗೆ ಹೊಸದಲ್ಲ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೂವತ್ತರ ದಶಕದಲ್ಲಿ, ಮಲ್ಲೇಶ್ವರದಾಚೆ ಟಾಟಾ ಇನ್‌ಸ್ಟಿಟ್ಯೂಟಿನ ಹತ್ತಿರ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆ ಶುರುವಾಯಿತು. ವಿದ್ಯುತ್ ಲೈನಿನ ಇನ್ಸುಲೇಟರುಗಳು ಅಲ್ಲಿ ತಯಾರಾದವು. ಮುಂದೆ ಅದು ಬಿಎಚ್‌ಇಎಲ್ ಕೈಗೆ ಬಂತು. ಚೀನಾದ ಭಟ್ಟಿಯವರು ಕಂಡುಕೊಂಡ ಉಪಾಯ ಯಶವಂತಪುರದ ದಾರಿಯಲ್ಲಿ ಕಾರ್ಖಾನೆಯಾಗಿ ನಿಂತದ್ದನ್ನು ನಾವು ಬಸ್ಸಿನಲ್ಲಿ ದಾಟಿಹೋಗುತ್ತಲೇ ಇದ್ದೆವು. ಅಮ್ಮಮ್ಮನ ಭರಣಿಗೆ ವಾರಸುದಾರರು ನಾವಷ್ಟೇ ಅಲ್ಲ ಎಂದು ನನಗೆ ಅನ್ನಿಸಿದ್ದು ಆ ತಟ್ಟೆಗಳನ್ನು ನೋಡಿದ ದಿನ.

ಕೊನೆಗೂ ಇದು ಷೋಕೇಸಿನ ವಸ್ತುವಲ್ಲ. ತಮ್ಮ ಇದಕ್ಕೆ ದೀಪ ಹಾಕಿಸಿ ಹಾಲಿನಲ್ಲಿ ಇಡೋಣ ಅಂದಾಗ ಅಮ್ಮ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಪ್ರತಿ ವರ್ಷ ಸಾಗರದ ಕಡೆಯ ನೆಂಟರು ಅಪ್ಪೆಮಿಡಿಯ ಚೀಲವನ್ನು ರಾತ್ರಿ ಬಸ್ಸಿಗೆ ಹಾಕುತ್ತಾರೆ. ಬೆಳಗಿನ ಜಾವ ಎಂಟನೇ ಮೈಲಿ ಸ್ಟಾಪಿನಲ್ಲಿ ಇಳಿಸಿಕೊಳ್ಳುವುದು ನನ್ನ ಕೆಲಸ. ತೊಟ್ಟು ಬಿದ್ದ ಮಿಡಿ ಬೇರೆ, ತೊಟ್ಟಿರುವುದು ಬೇರೆ. ತೊಟ್ಟು ಬಿದ್ದದ್ದು ತಂಬುಳಿಗೆ. ಮಿಡಿ ಒಂದು ಹಾಸು, ಹರಳುಪ್ಪು ಒಂದು ಹಾಸು. ತೊಳೆದ ಮಿಡಿಯಲ್ಲಿ ನೀರಿನ ಪಸೆ ಇದೆಯೇ ಎಂದು ಅಮ್ಮ ಕೆನ್ನೆಗೆ ಒತ್ತಿ ನೋಡುತ್ತಾಳೆ. ವಾರ ಕಳೆಯುವಷ್ಟರಲ್ಲಿ ಮಿಡಿ ಚಿರುಟಿ ಉಪ್ಪುನೀರಿನಲ್ಲಿ ಮುಳುಗುತ್ತದೆ, ಬಟ್ಟೆ ಬಿಚ್ಚಿದರೆ ಸೊನೆಯ ಪರಿಮಳ ಮೆಟ್ಟಿಲಿನವರೆಗೂ ಬರುತ್ತದೆ. ಮೇಲಿನ ಮನೆಯ ಹುಡುಗರು ಅದನ್ನೇ ಕಾಯುತ್ತಿರುತ್ತಾರೆ. ಹುರಿಯನ್ನು ಮೂರು ಕಿವಿಗೆ ಕಟ್ಟುತ್ತೇವೆ. ಅರ್ಧ ಕಿವಿಗೆ ಬಿಡುವು. ಮುರಿದ ತುಂಡನ್ನು ಗಮ್ಮು ಹಾಕಿ ಅಂಟಿಸಲು ಹೋದರೆ ಅಮ್ಮ ಬಿಡುವುದಿಲ್ಲ. ಅದು ಈಗ ಅವಳ ಸಂಚಿಯಲ್ಲಿದೆ.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಮಾರುವ ಮೊದಲು ಬೋರಲು ಹಾಕಿ ತಳ ನೋಡಿ, ಕಿವಿ ಎಣಿಸಿ, ಮನೆಯ ಹಿರಿಯರು ಇರುವಾಗಲೇ ಅದು ಯಾವ ಊರಿನಿಂದ ಯಾರ ಜೊತೆ ಬಂತೆಂದು ಕೇಳಿ ಬರೆದಿಟ್ಟುಕೊಳ್ಳಿ. ಒಳಗೆ ಬಿರುಕಿಲ್ಲದಿದ್ದರೆ ಬಳಸಿ. ಮಿಡಿ ಬರುವುದು ಮಾರ್ಚಿನಲ್ಲಿ. ಭರಣಿ ತೊಳೆದು ಬಿಸಿಲಿಗಿಡಲು ಫೆಬ್ರುವರಿಯೇ ಸರಿ.